ಶಾಂತಿಗಾಗಿ ಪ್ರಾರ್ಥಿಸುವ ನಾವು ಸಿಡಿಮದ್ದಿನ ಹಡಗಿನ ಬಗ್ಗೆ ಏಕೆ ಸುಮ್ಮನಿದ್ದೇವೆ? ಕರ್ನಾಟಕದ ಬಿಷಪರಿಗೂ ಸಭಾ ಹಿರಿಯರಿಗೂ ಬಹಿರಂಗ ಪತ್ರ

ಕರ್ನಾಟಕದ ಪೂಜ್ಯ ಬಿಷಪರಿಗೆ, ಧರ್ಮಾಧ್ಯಕ್ಷರಿಗೆ, ಸಭಾಪಾಲಕರಿಗೆ, ಫಾದರ್‌ಗಳಿಗೆ ಮತ್ತು ಸಭಾ ಹಿರಿಯರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ನಾನು ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯವನು. ಪಾಸ್ಟರೇಟ್ ಕಮಿಟಿಯಲ್ಲಿಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಭಾನುವಾರ ಬೆಂಚಿನಲ್ಲಿ ಕೂತು ಎಲ್ಲರ ಜತೆ ಆಮೆನ್ ಹೇಳಿ ಬರುವವನು. ಆ ಆಮೆನ್ ಬಗ್ಗೆಯೇ ಈ ಪತ್ರ.

ಕಳೆದ ಎರಡು ಮೂರು ವರ್ಷಗಳಿಂದ ನಮ್ಮ ಆರಾಧನೆಯಲ್ಲಿ ಉಕ್ರೇನಿಗಾಗಿ, ಗಾಜಾಕ್ಕಾಗಿ, ಸುಡಾನಿಗಾಗಿ, ಮಣಿಪುರಕ್ಕಾಗಿ ಪ್ರಾರ್ಥನೆ ನಡೆಯುತ್ತಲೇ ಇದೆ. ಕಥೋಲಿಕ ಗೆಳೆಯರನ್ನು ಕೇಳಿದರೆ ಅವರ ಬಲಿಪೂಜೆಯಲ್ಲೂ ಅದೇ. ಪ್ರಾರ್ಥನೆ ಬೇಡ ಎನ್ನುವ ಉದ್ಧಟತನ ನನಗಿಲ್ಲ. ಆದರೆ ‘ಯುದ್ಧ ನಿಲ್ಲಲಿ ಕರ್ತನೇ’ ಎಂದು ಬೇಡಿಕೊಳ್ಳುವ ನಾವು, ಆ ಯುದ್ಧಕ್ಕೆ ಸಾಮಾನು ಕಳಿಸುವವರನ್ನು, ಅದರಲ್ಲೂ ನಮ್ಮದೇ ದೇಶದಿಂದ ಕಳಿಸುವವರನ್ನು, ಒಂದು ಮಾತೂ ಕೇಳಿಲ್ಲ. ನೀವು ಕೇಳಬೇಕು ಎಂದು ಕೋರುತ್ತಿದ್ದೇನೆ. ಯುದ್ಧ ನಡೆಯುತ್ತಿರುವಾಗ, ಜನಸಾಮಾನ್ಯರ ಮೇಲೆ ಬಾಂಬು ಹಾಕುತ್ತಿರುವ ಸೈನ್ಯಕ್ಕೆ ಭಾರತ ಶಸ್ತ್ರಾಸ್ತ್ರ ಮಾರಬಾರದು ಎಂದು ಕರ್ನಾಟಕದ ಎಲ್ಲ ಸಭೆಗಳ ಮುಖಂಡರು ಒಟ್ಟಾಗಿ ಕೇಂದ್ರ ಸರ್ಕಾರಕ್ಕೆ ಬರೆಯಬೇಕು.

ಇದು ದೂರದ ವಿಷಯ ಅನ್ನಿಸಬಹುದು. ಚೆನ್ನೈ ನಮಗೆ ದೂರವೇ? 2024ರ ಮೇ ತಿಂಗಳಲ್ಲಿ ‘ಮರಿಯಾನೆ ಡಾನಿಕಾ’ ಎಂಬ ಹಡಗು ಸ್ಪೇನಿನ ಕಾರ್ತಹೇನಾ ಬಂದರಿಗೆ ಬರಲು ಅನುಮತಿ ಕೇಳಿತು. ಅದು ಹೊರಟಿದ್ದು ಚೆನ್ನೈನಿಂದ, ಹೋಗಬೇಕಿದ್ದುದು ಇಸ್ರೇಲಿನ ಹೈಫಾಕ್ಕೆ. ಅದರೊಳಗೆ ಸುಮಾರು 27 ಟನ್ ಸ್ಫೋಟಕ ಇದೆ ಎಂದು ಸ್ಪೇನಿನ ಪತ್ರಿಕೆಗಳು ಬರೆದವು. ಸ್ಪೇನ್ ಸರ್ಕಾರ ಹಡಗನ್ನು ಒಳಗೆ ಬಿಡಲಿಲ್ಲ. ಮಧ್ಯಪ್ರಾಚ್ಯಕ್ಕೆ ಈಗ ಬೇಕಿರುವುದು ಶಾಂತಿ, ಇನ್ನಷ್ಟು ಆಯುಧವಲ್ಲ ಎಂದು ಅಲ್ಲಿನ ವಿದೇಶಾಂಗ ಸಚಿವರು ಕಾರಣ ಕೊಟ್ಟರು. ನಮ್ಮ ಪಕ್ಕದ ರಾಜ್ಯದ ಬಂದರಿನಿಂದ ಹೊರಟ ಹಡಗನ್ನು ಬಾಗಿಲಲ್ಲೇ ತಡೆದದ್ದು ಬೇರೆ ಖಂಡದ ಒಂದು ಸರ್ಕಾರ. ಇಲ್ಲಿ ಅದು ಒಂದು ದಿನದ ಸುದ್ದಿಯಾಗಿ ಮುಗಿಯಿತು.

ಇಲ್ಲಿ ಯಾರೂ ಬಾಯಿ ಬಿಡಲಿಲ್ಲ ಎಂದರೆ ತಪ್ಪಾಗುತ್ತದೆ. ಆ ಹಡಗಿಗೆ ಮೂರು ತಿಂಗಳ ಮೊದಲೇ, 2024ರ ಫೆಬ್ರುವರಿಯಲ್ಲಿ, ದೇಶದ 11 ಪ್ರಮುಖ ಬಂದರುಗಳ ಕಾರ್ಮಿಕರ ಒಕ್ಕೂಟ ಒಂದು ಹೇಳಿಕೆ ಹೊರಡಿಸಿತ್ತು. ಇಸ್ರೇಲಿಗೆ ಹೋಗುವ ಯುದ್ಧ ಸಾಮಗ್ರಿಯನ್ನು ನಾವು ಹಡಗಿಗೆ ಏರಿಸುವುದಿಲ್ಲ, ಇಳಿಸುವುದೂ ಇಲ್ಲ ಎಂದು. ಮೂಟೆ ಹೊರುವವರು, ಕ್ರೇನ್ ನಡೆಸುವವರು ಅವರು. ಅವರಲ್ಲಿ ಹೆಚ್ಚಿನವರು ಬೈಬಲ್ ಓದಿರಲಿಕ್ಕಿಲ್ಲ. ಕತ್ತಿಯನ್ನು ನೇಗಿಲ ಗುಳವಾಗಿ ಬಡಿಯುವ, ಬೈಬಲಿನ ಪ್ರವಾದಿ ಯೆಶಾಯನ ದರ್ಶನದ ಮೇಲೆ ವರ್ಷಕ್ಕೊಮ್ಮೆಯಾದರೂ ಪ್ರಸಂಗ ಕೇಳುವ ನಮಗಿಂತ ಮೊದಲು ಅವರು ಎದ್ದು ನಿಂತರು.

ಅದೇ ವರ್ಷ ನಿವೃತ್ತ ಅಧಿಕಾರಿಗಳು, ವಿದ್ವಾಂಸರು, ಹೋರಾಟಗಾರರು ಸೇರಿ 11 ಮಂದಿ ಸುಪ್ರೀಂ ಕೋರ್ಟಿಗೆ ಹೋದರು. ಇಸ್ರೇಲಿಗೆ ಶಸ್ತ್ರಾಸ್ತ್ರ ರಫ್ತು ಮಾಡುವ ಕಂಪನಿಗಳ ಪರವಾನಗಿ ರದ್ದು ಮಾಡಿ ಎಂದು ಕೇಳಿದರು. ಸೆಪ್ಟೆಂಬರ್ 9ರಂದು ಕೋರ್ಟು ಅರ್ಜಿ ವಜಾ ಮಾಡಿತು. ವಿದೇಶಾಂಗ ನೀತಿ ನಡೆಸುವುದು ಸರ್ಕಾರದ ಕೆಲಸ, ಅದರಲ್ಲಿ ನಾವು ಕೈಹಾಕುವುದಿಲ್ಲ ಎಂದಿತು. ಸರಿ, ಕೋರ್ಟಿನ ಮಾತು ಕೋರ್ಟಿನದು. ಆದರೆ ಅದರ ಅರ್ಥವೇನು? ಇದನ್ನು ತೀರ್ಮಾನಿಸುವುದು ಸರ್ಕಾರವೇ ಆದರೆ, ಆ ಸರ್ಕಾರವನ್ನು ಕೇಳುವುದು ಪ್ರಜೆಗಳ ಪಾಲಿಗೆ ಬಂತು. ನಾವೂ ಪ್ರಜೆಗಳೇ ತಾನೆ.

ಗಾಜಾದ ಬಗ್ಗೆ ಬರೆದರೆ ‘ಅಕ್ಟೋಬರ್ 7ನ್ನು ಮರೆತಿರಾ’ ಎಂಬ ಪ್ರಶ್ನೆ ಬರುತ್ತದೆ. ಮರೆತಿಲ್ಲ. 2023ರ ಆ ದಿನ ಹಮಾಸ್ ಸುಮಾರು 1,200 ಮಂದಿಯನ್ನು ಕೊಂದಿತು, 250ಕ್ಕೂ ಹೆಚ್ಚು ಜನರನ್ನು ಒತ್ತೆಯಾಳಾಗಿ ಎಳೆದೊಯ್ದಿತು. ಅದು ಪಾಪವೇ. ಅದರ ನಂತರ 2025ರ ಜುಲೈ ಕೊನೆಯ ಹೊತ್ತಿಗೆ ಗಾಜಾದಲ್ಲಿ ಸತ್ತವರ ಸಂಖ್ಯೆ 60,000 ದಾಟಿದೆ ಎಂದು ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಅಲ್ಲಿ ‘ಪವಿತ್ರ ಕುಟುಂಬ’ದ ಹೆಸರಿನ ಒಂದೇ ಒಂದು ಕಥೋಲಿಕ ಧರ್ಮಕೇಂದ್ರವಿದೆ. ಯುದ್ಧ ಶುರುವಾದ ಮೇಲೆ ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ಪ್ರತಿ ಸಂಜೆ ಅಲ್ಲಿಗೆ ಫೋನ್ ಮಾಡುತ್ತಿದ್ದರು. ಹೇಗಿದ್ದೀರಿ, ಇವತ್ತು ಏನು ತಿಂದಿರಿ ಎಂದು ವಿಚಾರಿಸುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗಲೂ ಬಿಡಲಿಲ್ಲ. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ಎರಡು ದಿನ ಮೊದಲೂ ಆ ಫೋನ್ ಹೋಗಿತ್ತು. ಅದೇ ವರ್ಷ ಜುಲೈ 17ರಂದು ಅದೇ ಚರ್ಚಿನ ಮೇಲೆ ಇಸ್ರೇಲಿ ಟ್ಯಾಂಕಿನ ಗುಂಡು ಬಿದ್ದು ಮೂವರು ಸತ್ತರು, ಧರ್ಮಗುರುಗಳಿಗೂ ಗಾಯವಾಯಿತು. ಗುರಿ ತಪ್ಪಿ ಬಿದ್ದದ್ದು ಎಂದು ಇಸ್ರೇಲ್ ವಿಷಾದ ಹೇಳಿತು. ಹಾಗಂತ ನಮ್ಮವರು ಸತ್ತರೆಂಬ ಕಾರಣಕ್ಕೆ ಬರೆಯುತ್ತಿಲ್ಲ. ಆ 60,000ದಲ್ಲಿ ಕ್ರೈಸ್ತರು ಬೆರಳೆಣಿಕೆ. ನಮ್ಮವರನ್ನಷ್ಟೇ ಎಣಿಸುವ ಸಂಕಟಕ್ಕೆ ಸುವಾರ್ತೆ ಬೇಕಿಲ್ಲ.

ಇನ್ನೂ ಹತ್ತಿರಕ್ಕೆ ಬರುತ್ತೇನೆ. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರಿನ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಆಮೇಲೆ ತನ್ನದೇ ಊರುಗಳ ಮೇಲೆ ಬಾಂಬು ಹಾಕಿತು. ಮಿಜೋರಾಮಿನ ಆಚೆ ಬದಿಗಿರುವ ಚಿನ್ ರಾಜ್ಯದಲ್ಲಿ ಬಹುಪಾಲು ಕ್ರೈಸ್ತರೇ. ಅಲ್ಲಿನ ಥಂತ್ಲಾಂಗ್ ಎಂಬ ಪಟ್ಟಣಕ್ಕೆ 2021ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿತ್ತು. ಉರಿಯುತ್ತಿದ್ದ ಮನೆಯನ್ನು ಆರಿಸಲು ಓಡಿದ ಬ್ಯಾಪ್ಟಿಸ್ಟ್ ಸಭಾಪಾಲಕರೊಬ್ಬರನ್ನು ಸೈನಿಕರು ಗುಂಡಿಟ್ಟು ಕೊಂದರು. ಶವ ಸಿಕ್ಕಾಗ ಉಂಗುರದ ಬೆರಳು ಕತ್ತರಿಸಿತ್ತು. ಜನ ಗಡಿ ದಾಟಿ ಮಿಜೋರಾಮಿಗೆ ಬಂದರು, 30,000ಕ್ಕೂ ಹೆಚ್ಚು. ಮಿಜೋ ಸಭೆಗಳು ಅಕ್ಕಿ ಕೊಟ್ಟವು, ಸೂರು ಕೊಟ್ಟವು. ಅದನ್ನು ನೋಡಿ ಇಲ್ಲಿ ನಾವೂ ಹೆಮ್ಮೆಪಟ್ಟೆವು.

2023ರ ಮೇ ತಿಂಗಳಲ್ಲಿ ಮ್ಯಾನ್ಮಾರ್ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆ್ಯಂಡ್ರ್ಯೂಸ್ ಒಂದು ಲೆಕ್ಕ ಮುಂದಿಟ್ಟರು. ಸೇನೆ ಅಧಿಕಾರ ಹಿಡಿದ ಮೇಲೆ ಅದಕ್ಕೆ ಹೊರಗಿನಿಂದ ಬಂದ ಆಯುಧ, ಬಿಡಿಭಾಗ, ಕಚ್ಚಾಸಾಮಗ್ರಿಯ ಒಟ್ಟು ಮೌಲ್ಯ ಸುಮಾರು 100 ಕೋಟಿ ಡಾಲರ್. ರಷ್ಯಾದ್ದು, ಚೀನಾದ್ದು, ಸಿಂಗಪುರದ ಕಂಪನಿಗಳದ್ದು ದೊಡ್ಡ ಪಾಲು. ಭಾರತದ ಪಾಲು 5.1 ಕೋಟಿ ಡಾಲರ್. ಭಾರತದ ಪೂರೈಕೆದಾರರ ಪೈಕಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸರ್ಕಾರಿ ರಕ್ಷಣಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಹೆಸರೂ ಇತ್ತು. ಹಿಂದಿನ ನಾಗರಿಕ ಸರ್ಕಾರದ ಕಾಲದ ಒಪ್ಪಂದಗಳಂತೆ ಕೊಟ್ಟದ್ದು ಎಂಬುದು ಭಾರತದ ಉತ್ತರ. ಇರಬಹುದು. ಆದರೆ ಒಪ್ಪಂದ ಮಾಡಿಕೊಂಡವರನ್ನೇ ಜೈಲಿಗೆ ಹಾಕಿದವನಿಗೆ ಆ ಸಾಮಾನು ಮುಟ್ಟಿಸಬೇಕಿತ್ತೇ? ಮಿಜೋರಾಮಿನಲ್ಲಿ ನಿರಾಶ್ರಿತರಿಗೆ ಕಂಬಳಿ ಕಳಿಸಲು ಬೆಂಗಳೂರಿನಿಂದ ಕಾಣಿಕೆ ಎತ್ತಬಹುದು. ಅವರನ್ನು ಓಡಿಸಿದ ಸೈನ್ಯಕ್ಕೆ ಬೆಂಗಳೂರಿನಿಂದ ಏನು ಹೋಯಿತು ಎಂದು ಕೇಳಲು ಮಾತ್ರ ಬಾಯಿ ಬರುವುದಿಲ್ಲ.

ಈಗ ನೀವು ಹೇಳಬಹುದಾದ ಮಾತುಗಳಿಗೆ ಬರುತ್ತೇನೆ. ಸಭೆಯ ಕೆಲವರೊಡನೆ ಈ ವಿಷಯ ಎತ್ತಿದಾಗ ಕೇಳಿದ ಮಾತುಗಳೇ ಇವು.

‘ಮಾರಿದವನದ್ದೇನು ತಪ್ಪು? ಬಳಸಿದವನದ್ದು ತಪ್ಪು.’ ಇದನ್ನು ಬಹಳ ಜನ ಹೇಳುತ್ತಾರೆ. ಅವರಿಗೆ 2025ರ ಮೇ ತಿಂಗಳನ್ನು ನೆನಪಿಸುತ್ತೇನೆ. ಪಾಕಿಸ್ತಾನ ನಮ್ಮ ಗಡಿಗೆ ಡ್ರೋನ್‌ಗಳನ್ನು ನುಗ್ಗಿಸಿತು. ಮೇಲ್ನೋಟಕ್ಕೆ ಅವು ಟರ್ಕಿಯಲ್ಲಿ ತಯಾರಾದವು ಎಂದು ನಮ್ಮ ಸೇನೆಯೇ ಪತ್ರಿಕಾಗೋಷ್ಠಿಯಲ್ಲಿ ಹೇಳಿತು. ಆಮೇಲೆ ಏನಾಯಿತು? ಟರ್ಕಿಯ ಸೇಬು ಬೇಡ ಎಂದರು ವರ್ತಕರು. ಟರ್ಕಿ ಪ್ರವಾಸ ರದ್ದು ಮಾಡಿದರು ನಮ್ಮ ಪಕ್ಕದ ಮನೆಯವರು. ಬೆಂಗಳೂರು ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಒಂದು ಟರ್ಕಿ ಮೂಲದ ಕಂಪನಿಯ ಭದ್ರತಾ ಅನುಮತಿಯನ್ನು ಸರ್ಕಾರ ಮೇ 15ರಂದು ಹಿಂತೆಗೆದುಕೊಂಡಿತು. ಮಾರಿದವನಿಗೂ ಪಾಲಿದೆ ಎಂದು ಆಗ ಇಡೀ ದೇಶಕ್ಕೆ ಅನ್ನಿಸಿತು. ಸರಿಯಾಗಿಯೇ ಅನ್ನಿಸಿತು. ನಮ್ಮ ತಲೆಯ ಮೇಲೆ ಬಂದಾಗ ಒಪ್ಪುವ ಮಾತನ್ನು ನಾವು ಮಾರುವವರಾದಾಗ ಮರೆಯುವುದು ಹೇಗೆ?

‘ನಮ್ಮ ಸೈನಿಕರಿಗೆ ಆಯುಧ ಬೇಡವೇ?’ ಈ ಪತ್ರ ನಮ್ಮ ಸೈನ್ಯದ ಆಯುಧದ ಬಗ್ಗೆ ಅಲ್ಲ. ಕೊಡಗಿನಲ್ಲೋ ಬೆಳಗಾವಿಯಲ್ಲೋ ಮಗನನ್ನು ಗಡಿಗೆ ಕಳಿಸಿದ ತಾಯಿಯ ಮುಂದೆ ನಿಂತು ನಿಮ್ಮ ಮಗ ಬರಿಗೈಲಿರಲಿ ಎಂದು ಹೇಳುವ ಧೈರ್ಯ ನನಗಿಲ್ಲ. ಆಯುಧವನ್ನೇ ಮುಟ್ಟುವುದಿಲ್ಲ ಎನ್ನುವ ಕ್ರೈಸ್ತ ಪಂಗಡಗಳಾದ ಕ್ವೇಕರರು, ಮೆನೊನೈಟರು ಅಷ್ಟು ದೂರ ಹೋದರು. ಅವರ ಬಗ್ಗೆ ಗೌರವವಿದೆ. ನಾನು ಮಾತಾಡುತ್ತಿರುವುದು ರಫ್ತಿನ ಬಗ್ಗೆ, ಲಾಭಕ್ಕಾಗಿ ಹೊರಗೆ ಕಳಿಸುವ ಸರಕಿನ ಬಗ್ಗೆ. 2013-14ರಲ್ಲಿ ಭಾರತದ ರಕ್ಷಣಾ ರಫ್ತು 686 ಕೋಟಿ ರೂಪಾಯಿ. 2024-25ರಲ್ಲಿ 23,622 ಕೋಟಿ. 2029ರ ಹೊತ್ತಿಗೆ 50,000 ಕೋಟಿ ಮುಟ್ಟಬೇಕೆಂದು ಸರ್ಕಾರದ ಗುರಿ. ಇದರಲ್ಲಿ ಗುಂಡುನಿರೋಧಕ ಜಾಕೆಟ್ಟೂ ಇದೆ, ಬೂಟೂ ಇದೆ, ಎಲ್ಲವೂ ಕೊಲ್ಲುವ ಸಾಮಾನಲ್ಲ. ಆದರೆ ಪ್ರತಿವರ್ಷ ಒಟ್ಟು ಮೊತ್ತವನ್ನು ಕ್ರಿಕೆಟ್ ಸ್ಕೋರಿನಂತೆ ಘೋಷಿಸುತ್ತಾರೆಯೇ ಹೊರತು, ಯಾವ ಆಯುಧ ಯಾವ ದೇಶಕ್ಕೆ ಹೋಯಿತು ಎಂಬ ಪೂರ್ತಿ ವರದಿ ಸಂಸತ್ತಿನ ಮುಂದೆ ಬರುವುದಿಲ್ಲ. ನರಮೇಧಕ್ಕೋ ಯುದ್ಧಾಪರಾಧಕ್ಕೋ ಬಳಕೆಯಾಗುತ್ತದೆಂದು ಗೊತ್ತಿದ್ದರೆ ಮಾರಬಾರದು ಎನ್ನುವ ಅಂತರರಾಷ್ಟ್ರೀಯ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದವೊಂದಿದೆ. 2013ರಲ್ಲಿ ಅದು ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 154 ದೇಶಗಳು ಒಪ್ಪಿದವು. ಭಾರತ ಮತ ಹಾಕದೆ ದೂರ ಉಳಿಯಿತು. ಒಪ್ಪಂದ ಕೊಳ್ಳುವ ದೇಶಗಳಿಗೆ ಅನ್ಯಾಯ ಮಾಡುವಂತಿದೆ ಎಂಬುದು ಆಗಿನ ವಾದ. ಆಗ ನಾವು ಹೆಚ್ಚಾಗಿ ಕೊಳ್ಳುವವರು. ಈಗ ಮಾರುವವರೂ ಹೌದು. ವಾದವನ್ನು ಮತ್ತೊಮ್ಮೆ ನೋಡುವ ಹೊತ್ತು ಬಂದಿದೆ.

‘ಕೆಲಸದ ಗತಿ?’ ಇದು ಕಷ್ಟದ ಪ್ರಶ್ನೆ. ಇದಕ್ಕೆ ಕೈಬೀಸಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ ಬಂದಂದಿನಿಂದ ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳ ಒಲೆ ಉರಿದದ್ದು ಈ ಸಂಬಳದಿಂದ. ನಮ್ಮ ಸಭೆಯಲ್ಲೇ ವಿಮಾನಪುರದ ಕಡೆ ದುಡಿದು ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ಆರಾಧನೆ ಮುಗಿದು ಚಹಾ ಕುಡಿಯುವಾಗ ಕೇಳಿದೆ, ‘ಅಂಕಲ್, ನೀವು ಕೂಡಿಸಿದ ವಿಮಾನ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?’ ಅವರು ಲೋಟ ಕೆಳಗಿಟ್ಟು ಹೆಬ್ಬೆರಳು ತೋರುಬೆರಳು ಕೂಡಿಸಿ ಅಳತೆ ತೋರಿಸಿದರು. ‘ನಾನು ನೋಡಿದ್ದು ಇಷ್ಟು ಮಗಾ. ರಿವೆಟ್ಟು. ಅದು ಸಡಿಲ ಇದ್ರೆ ಪೈಲಟ್ ಸಾಯ್ತಾನೆ. ಅದಕ್ಕಿಂತ ಆಚೆ ನಮಗೆ ತೋರಿಸಲೂ ಇಲ್ಲ, ನಾವು ಕೇಳಲೂ ಇಲ್ಲ.’ ಅವರನ್ನು ದೂರಲು ನನ್ನಿಂದಾಗದು. ಆದರೆ ರಿವೆಟ್ಟಿನ ಆಚೆಗೆ ನೋಡುವುದು ಯಾರಾದರೊಬ್ಬರ ಕೆಲಸವಾಗಬೇಕಲ್ಲ. ಫಿಟ್ಟರಿಗೆ ಆಗದಿದ್ದರೆ ಬಿಷಪರಿಗೆ ಆಗಬಹುದು.

ಆ ಫಿಟ್ಟರ್ ಅಂಕಲ್ ಕೂಡಿಸಿದ್ದು ಹಾಕ್ ತರಬೇತಿ ವಿಮಾನ. 2004ರ ಒಪ್ಪಂದದ ಮೇಲೆ ಬ್ರಿಟಿಷ್ ಕಂಪನಿಯಿಂದ ಲೈಸೆನ್ಸ್ ಪಡೆದು ಬೆಂಗಳೂರಿನಲ್ಲಿ ಕಟ್ಟಿದ್ದು. ಅದೇ ಹಾಕ್‌ಗೆ ಒಂದು ಕ್ರೈಸ್ತ ಕಥೆ ಅಂಟಿಕೊಂಡಿದೆ ಎಂದು ಅವರಿಗೆ ಹೇಳಿದೆ, ನಕ್ಕರು. 1996ರ ಜನವರಿ 29ರ ರಾತ್ರಿ ಇಂಗ್ಲೆಂಡಿನ ವಾರ್ಟನ್ ಕಾರ್ಖಾನೆಗೆ ಮೂವರು ಹೆಂಗಸರು ಬೇಲಿ ಕತ್ತರಿಸಿ ನುಗ್ಗಿದರು. ಇಂಡೋನೇಷ್ಯಾಕ್ಕೆ ಹೊರಟು ನಿಂತಿದ್ದ ಹಾಕ್ ವಿಮಾನವನ್ನು ಮನೆಯ ಸುತ್ತಿಗೆಗಳಿಂದ ಬಡಿದು ಹಾಳುಮಾಡಿದರು. ಪೂರ್ವ ತಿಮೋರಿನ ಕಥೋಲಿಕ ಹಳ್ಳಿಗಳನ್ನು ಇಂಡೋನೇಷ್ಯಾದ ಸೈನ್ಯ ತುಳಿಯುತ್ತಿದ್ದ ಕಾಲ ಅದು. ಯೆಶಾಯನ ನೇಗಿಲ ಗುಳದ ಮಾತಿನಿಂದ ಹೆಸರು ಪಡೆದ ‘ಪ್ಲೌಷೇರ್ಸ್’ ಚಳವಳಿ ಅವರದ್ದು. ಓಡಿಹೋಗಲಿಲ್ಲ, ತಾವೇ ಹಿಡಿಸಿಕೊಂಡರು, ವಿಚಾರಣೆ ಕಾಯುತ್ತ ಜೈಲಿನಲ್ಲಿದ್ದರು. ನಾಲ್ಕನೆಯವರೊಬ್ಬರೂ ಸೇರಿ ನಾಲ್ವರನ್ನೂ ಲಿವರ್‌ಪೂಲಿನ ಜ್ಯೂರಿ ಜುಲೈನಲ್ಲಿ ಖುಲಾಸೆ ಮಾಡಿತು. ಹೆಚ್ಚಿನ ಅಪರಾಧ ತಡೆಯಲು ಮಾಡಿದೆವು ಎಂಬ ವಾದ ನಿಂತಿತು. ಯಲಹಂಕದ ಏರ್ ಶೋಗೆ ಸುತ್ತಿಗೆ ಹಿಡಿದು ಹೋಗಿ ಎಂದು ಯಾರಿಗೂ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಇಲ್ಲಿ ಹಾಗೆ ಮಾಡಿದವರಿಗೆ ಲಿವರ್‌ಪೂಲಿನ ಜ್ಯೂರಿ ಸಿಗುವುದಿಲ್ಲ.

ನಮಗೆ ಹತ್ತಿರದ ದಾರಿ ಇಟಲಿಯದ್ದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಸಭೆಯವರು ಶುರುಮಾಡಿದ ಮಾತು ದೇಶದ ಕಾನೂನಾಯಿತು.

ವೆರೋನಾ ನಗರದಿಂದ ಕೊಂಬೊನಿ ಎಂಬ ಕಥೋಲಿಕ ಸಂಸ್ಥೆಯ ಮಿಷನರಿಗಳು ‘ನಿಗ್ರಿತ್ಸಿಯಾ’ ಎಂಬ ಮಾಸಪತ್ರಿಕೆ ಹೊರಡಿಸುತ್ತಾರೆ. ಆಫ್ರಿಕಾದ ಮಿಷನ್ ಸುದ್ದಿ ಅದರ ಹುಟ್ಟುಕಸುಬು. 1985ರಲ್ಲಿ ಅದರ ಸಂಪಾದಕ ಫಾದರ್ ಅಲೆಕ್ಸ್ ಜಾನೊತೆಲ್ಲಿ, ಆಫ್ರಿಕಾದ ಹಸಿವಿಗೆ ಇಟಲಿಯ ಮುಖವೂ ಇದೆ ಎಂದು ಬರೆದರು. ಒಂದು ಕೈಯಲ್ಲಿ ಬರಪರಿಹಾರ, ಇನ್ನೊಂದು ಕೈಯಲ್ಲಿ ಬಂದೂಕು ಕಳಿಸುತ್ತಿದ್ದೀರಿ ಎಂದು ತಮ್ಮದೇ ಸರ್ಕಾರಕ್ಕೆ ಹೇಳಿದರು. ದೊಡ್ಡ ರಾಜಕಾರಣಿಗಳಿಗೆ ಕೋಪ ಬಂತು. 1987ರಲ್ಲಿ ಅವರು ಸಂಪಾದಕತ್ವ ಬಿಡಬೇಕಾಯಿತು. ಆಮೇಲೆ ನೈರೋಬಿಯ ಕೊರೊಗೊಚೊ ಕೊಳೆಗೇರಿಯಲ್ಲಿ ವರ್ಷಗಟ್ಟಲೆ ಬದುಕಿದರು. ಆದರೆ ಅಷ್ಟರಲ್ಲಿ ಮಾತು ಚರ್ಚಿನ ಅಂಗಳ ದಾಟಿತ್ತು. ಮಿಷನರಿ ಪತ್ರಿಕೆಗಳು, ಕಥೋಲಿಕ ಕಾರ್ಮಿಕ ಸಂಘ, ಪಾಕ್ಸ್ ಕ್ರಿಸ್ತಿ ಎಂಬ ಕಥೋಲಿಕ ಶಾಂತಿ ಸಂಘಟನೆ ಸೇರಿ ಸಾವಿನ ವ್ಯಾಪಾರಿಗಳ ವಿರುದ್ಧ ಆಂದೋಲನ ಕಟ್ಟಿದವು. 1990ರ ಜುಲೈನಲ್ಲಿ 185ನೇ ಸಂಖ್ಯೆಯ ಕಾನೂನು ಬಂತು. ವಿಶ್ವಸಂಸ್ಥೆಯ ಸನ್ನದು ಮೀರಿ ಯುದ್ಧ ಮಾಡುತ್ತಿರುವ ದೇಶಕ್ಕೆ, ಮಾನವ ಹಕ್ಕುಗಳನ್ನು ಗಂಭೀರವಾಗಿ ತುಳಿಯುವ ಸರ್ಕಾರಕ್ಕೆ ಆಯುಧ ಮಾರುವಂತಿಲ್ಲ. ಏನು ಮಾರಿದಿರಿ, ಎಲ್ಲಿಗೆ, ಎಷ್ಟಕ್ಕೆ, ಹಣ ಯಾವ ಬ್ಯಾಂಕಿನ ಮೂಲಕ ಬಂತು ಎಂದು ಸರ್ಕಾರ ಪ್ರತಿವರ್ಷ ಸಂಸತ್ತಿಗೆ ಲೆಕ್ಕ ಒಪ್ಪಿಸಬೇಕು. ಆ ಬ್ಯಾಂಕುಗಳ ಪಟ್ಟಿ ಹಿಡಿದು, 2000ದಿಂದ ಅದೇ ಮಿಷನರಿ ಪತ್ರಿಕೆಗಳು ಧರ್ಮಕೇಂದ್ರಗಳಿಗೆ ಒಂದು ಪ್ರಶ್ನೆ ಹಾಕಿದವು: ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿದೆ?

ಕಾನೂನು ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. 2016ರ ಅಕ್ಟೋಬರ್ 8ರಂದು ಯೆಮೆನಿನ ದೈರ್ ಅಲ್-ಹಜಾರಿ ಎಂಬ ಹಳ್ಳಿಯಲ್ಲಿ ಸೌದಿ ನೇತೃತ್ವದ ಪಡೆಗಳ ಬಾಂಬಿಗೆ ಒಂದೇ ಮನೆಯ ಆರು ಮಂದಿ ಸತ್ತರು, ತಂದೆ ತಾಯಿ ಮತ್ತು ನಾಲ್ಕು ಮಕ್ಕಳು. ಅವಶೇಷದಲ್ಲಿ ಒಂದು ಕಬ್ಬಿಣದ ಕೊಂಡಿ ಸಿಕ್ಕಿತು, ಬಾಂಬನ್ನು ವಿಮಾನದ ಹೊಟ್ಟೆಗೆ ತೂಗುಹಾಕುವ ಕೊಂಡಿ. ಅದರ ಮೇಲಿದ್ದ ಗುರುತು ಸಾರ್ಡೀನಿಯಾ ದ್ವೀಪದ ದೊಮುಸ್ನೊವಾಸ್ ಊರಿನ ಕಾರ್ಖಾನೆಯದು. ಜರ್ಮನಿಯ ಆಯುಧ ಕಂಪನಿ ರೈನ್‌ಮೆಟಾಲ್ ಒಡೆತನದ್ದು. ಗಣಿಗಳು ಮುಚ್ಚಿ ಕೆಲಸವಿಲ್ಲದೆ ಸೊರಗಿದ ಸೀಮೆ ಅದು. ಆ ಕಾರ್ಖಾನೆಯೂ ಹಿಂದೆ ಗಣಿಗೆ ಬೇಕಾದ ಸಿಡಿಮದ್ದು ಮಾಡುತ್ತಿದ್ದದ್ದೇ. ಅಲ್ಲಿನ ಜನರಿಗೂ ನಮ್ಮ ಅಂಕಲ್‌ಗೆ ಇದ್ದಂಥದೇ ಇಕ್ಕಟ್ಟು. ಆದರೂ ಅಲ್ಲಿನವರೇ ಕೆಲವರು ಸಮಿತಿ ಕಟ್ಟಿ, ಕಾರ್ಖಾನೆ ಉಳಿಯಲಿ, ಬಾಂಬು ಬಿಟ್ಟು ಬೇರೇನಾದರೂ ಮಾಡಲಿ ಎಂದು ಪಟ್ಟು ಹಿಡಿದರು. 2019ರ ಜುಲೈನಲ್ಲಿ ಸೌದಿಗೂ ಯುಎಇಗೂ ಬಾಂಬು ರಫ್ತು ತಡೆಹಿಡಿಯಲಾಯಿತು, 2021ರ ಜನವರಿಯಲ್ಲಿ ಪರವಾನಗಿಯೇ ರದ್ದಾಯಿತು. ರದ್ದು ಮಾಡಲು ಅವರ ಕೈಯಲ್ಲಿ ಒಂದು ಕಾನೂನಿತ್ತು, ಓದಲು ಒಂದು ವರದಿಯಿತ್ತು. ನಮ್ಮ ಕೈಯಲ್ಲಿ ಎರಡೂ ಇಲ್ಲ.

‘ಇದೆಲ್ಲ ರಾಜಕೀಯ, ಸಭೆಗೆ ಯಾಕೆ?’ ಎನ್ನುವವರಿಗೆ ನೀವೇ ಉತ್ತರ ಹೇಳಬಲ್ಲಿರಿ. ನಮ್ಮ ಬಿಷಪರು ಹೋಗುವ, ಆಂಗ್ಲಿಕನ್ ಬಿಷಪರ ಜಾಗತಿಕ ಸಭೆಯಾದ ಲ್ಯಾಂಬೆತ್ ಸಮ್ಮೇಳನ 1930ರಲ್ಲೇ, ಜಗಳ ತೀರಿಸಲು ಯುದ್ಧ ಹೂಡುವುದು ಕ್ರಿಸ್ತನ ಬೋಧನೆಗೂ ನಡೆಗೂ ಹೊಂದುವುದಿಲ್ಲ ಎಂದು ನಿರ್ಣಯ ಮಾಡಿತು. ಶಸ್ತ್ರಾಸ್ತ್ರ ಪೈಪೋಟಿ ಬಡವರಿಗೆ ತಾಳಲಾಗದ ಪೆಟ್ಟು ಎಂದು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬರೆದಿಟ್ಟಿತು. 2015ರಲ್ಲಿ ಅಮೆರಿಕದ ಸಂಸತ್ತಿನಲ್ಲಿ, ಜಗತ್ತಿನ ಅತಿ ದೊಡ್ಡ ಆಯುಧ ಮಾರಾಟಗಾರರ ಎದುರಿಗೇ ನಿಂತು, ಈ ಹಣ ರಕ್ತದಲ್ಲಿ ನೆನೆದದ್ದು ಎಂದರು ಫ್ರಾನ್ಸಿಸ್. ಹೊಸದೇನನ್ನೂ ನಾನು ಕೇಳುತ್ತಿಲ್ಲ. ನೀವು ಒಪ್ಪಿ ಸಹಿ ಹಾಕಿದ್ದನ್ನೇ ಕೇಳುತ್ತಿದ್ದೇನೆ.

ನಿಜವಾದ ಅಡ್ಡಿ ಬೇರೆ ಇದೆ, ಅದನ್ನು ಬಾಯಿ ಬಿಟ್ಟು ಹೇಳಿಬಿಡೋಣ. ಅದು ಭಯ. ಕ್ರೈಸ್ತ ಸಂಸ್ಥೆಯೊಂದು ರಕ್ಷಣೆಯ ವಿಷಯದಲ್ಲಿ ತುಟಿ ಬಿಚ್ಚಿದರೆ ಮರುದಿನವೇ ‘ದೇಶದ್ರೋಹಿ’ ಪಟ್ಟ, ಮರುವಾರ ವಿದೇಶಿ ದೇಣಿಗೆಯ ಲೈಸೆನ್ಸಿನ ತಪಾಸಣೆ. ಶಾಲೆ, ಆಸ್ಪತ್ರೆ, ಹಾಸ್ಟೆಲ್ ನಡೆಸುವ ನಿಮಗೆ ಆ ಹೊರೆ ಎಷ್ಟು ಭಾರ ಎಂದು ಬೆಂಚಿನಲ್ಲಿ ಕೂರುವ ನನಗೆ ಪೂರ್ತಿ ತಿಳಿಯದು. ಅದಕ್ಕೇ ‘ಒಟ್ಟಾಗಿ’ ಎಂದದ್ದು. ಒಬ್ಬ ಬಿಷಪರು ಬರೆದರೆ ಅವರನ್ನು ಗುರಿಮಾಡುವುದು ಸುಲಭ. ಬೆಂಗಳೂರು, ಧಾರವಾಡ, ಮಂಗಳೂರಿನ ಸಿಎಸ್‌ಐ ಬಿಷಪರು, ಮಹಾಧರ್ಮಾಧ್ಯಕ್ಷರು, ಎಲ್ಲ ಕಥೋಲಿಕ ಧರ್ಮಪ್ರಾಂತ್ಯಗಳವರು, ಮೆಥೋಡಿಸ್ಟರು, ಸಿರಿಯನ್ ಸಭೆಯವರು ಒಂದೇ ಹಾಳೆಗೆ ಸಹಿ ಹಾಕಿದರೆ ಮಾತಿನ ತೂಕವೇ ಬೇರೆ. ಆ ಹಾಳೆಗೆ ಮಠಾಧೀಶರನ್ನೂ ಮೌಲ್ವಿಗಳನ್ನೂ ಕೇಳಿ. ಬಂದರು ಕಾರ್ಮಿಕರ ಸಂಘವನ್ನಂತೂ ತಪ್ಪದೆ ಕೇಳಿ.

ನಮ್ಮ ಕೈ ಪೂರ್ತಿ ಶುಭ್ರ ಎಂದೇನೂ ಬರೆಯುತ್ತಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ತೆಗೆದರು, ಅದು ಬ್ರಿಟಿಷ್ ಸೈನ್ಯದ ಮೈಮೇಲೇರಿತು ಎಂದು ಆ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. (ಪಂಜಾಬಿನಲ್ಲಿದ್ದ ಬ್ರಿಟಿಷರ ಗೈಡ್ಸ್ ಸೇನಾದಳ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು ಎನ್ನುವವರೂ ಇದ್ದಾರೆ; ಆ ಜಗಳ ಇತಿಹಾಸಕಾರರಿಗಿರಲಿ.) ಅದೇ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಮೊದಲ ಮಹಾಯುದ್ಧದಲ್ಲಿ ಅದೇ ಬ್ರಿಟಿಷರು ಶತ್ರುಗಳೆಂದು ಹಿ‍ಡಿದಿಟ್ಟರು, ಆಮೇಲೆ ದೇಶದಿಂದ ಹೊರಹಾಕಿದರು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಎಲ್ಲ ಬೇರೆಯವರ ಪಾಲಾದವು. ಕರಾವಳಿಯ ನಮ್ಮ ಹಿರಿಯರ ಸಭೆಗಳು ಆ ಹೊಡೆತ ತಿಂದು ಉಳಿದವು.

ಕೊನೆಗೆ ಹಣದ ಮಾತು. ರಕ್ಷಣಾ ವಲಯಕ್ಕೆಂದೇ ಈಗ ಮ್ಯೂಚುವಲ್ ಫಂಡ್‌ಗಳು ಬಂದಿವೆ, ಲಾಭವೂ ಜೋರಾಗಿತ್ತು ಎಂದು ಕೇಳಿದ್ದೇನೆ. ನಮ್ಮ ಟ್ರಸ್ಟ್ ಅಸೋಸಿಯೇಷನ್‌ಗಳ, ಧರ್ಮಪ್ರಾಂತ್ಯಗಳ ಠೇವಣಿ ಎಲ್ಲೆಲ್ಲಿದೆ ಎಂದು ಖಜಾಂಚಿಗಳಿಂದ ಒಂದು ಪಟ್ಟಿ ತರಿಸಿ. ಎಲ್ಲವೂ ಸರ್ಕಾರಿ ಬ್ಯಾಂಕಿನ ಎಫ್‌ಡಿಯಲ್ಲೇ ಇದ್ದರೆ ಸಂತೋಷ, ಹಾಗೆಂದು ಪ್ರಕಟಿಸಿಬಿಡಿ. ಯೇಸುವನ್ನು ಹಿಡಿದುಕೊಟ್ಟ ಯೂದನು ಅದಕ್ಕಾಗಿ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿದಾಗ ಮುಖ್ಯಯಾಜಕರು ಅದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಲಿಲ್ಲ, ಇದು ರಕ್ತದ ಕ್ರಯ, ಧರ್ಮವಲ್ಲ ಎಂದರು. ಆ ಹಣ ಕೊಟ್ಟವರೂ ಅವರೇ, ಕೊಲ್ಲಿಸಿದವರೂ ಅವರೇ. ಅಂಥವರಿಗೂ ಅಷ್ಟು ಅಳುಕಿತ್ತು.

ಸರ್ಕಾರಕ್ಕೆ ಬರೆಯುವ ಪತ್ರ ಒಂದು ಪುಟ ಸಾಕು. ಯುದ್ಧದಲ್ಲಿ ನಾಗರಿಕರನ್ನು ಕೊಲ್ಲುತ್ತಿರುವ ಸೈನ್ಯಕ್ಕೆ ರಫ್ತು ಪರವಾನಗಿ ಕೊಡಬೇಡಿ, ಕೊಟ್ಟದ್ದನ್ನು ತಡೆಹಿಡಿಯಿರಿ. ಪ್ರತಿವರ್ಷ ದೇಶವಾರು ವರದಿಯನ್ನು ಸಂಸತ್ತಿನ ಮುಂದಿಡಿ. ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ಬಗ್ಗೆ 2013ರ ನಿಲುವನ್ನು ಮತ್ತೆ ಪರಿಶೀಲಿಸಿ. ಗಾಜಾದಲ್ಲಿ 2025ರ ಅಕ್ಟೋಬರಿನಲ್ಲಿ ಕದನವಿರಾಮ ಆಯಿತಲ್ಲ, ಈಗೇಕೆ ಎಂದು ಯಾರಾದರೂ ಕೇಳಿದರೆ, ಮ್ಯಾನ್ಮಾರಿನಲ್ಲಿ ಆಗಿಲ್ಲ ಎಂದು ಹೇಳಿ. ಪ್ರತಿಯನ್ನು ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ 12 ರಾಜ್ಯಸಭಾ ಸದಸ್ಯರಿಗೂ ಕಳಿಸಿ. ಅವರಲ್ಲಿ ಒಬ್ಬರಾದರೂ ಪ್ರಶ್ನೋತ್ತರ ವೇಳೆಯಲ್ಲಿ ಅದನ್ನು ಎತ್ತಿಕೊಂಡರೆ ಉತ್ತರ ದಾಖಲೆಗೆ ಹೋಗುತ್ತದೆ. ಮುಂದಿನ ಡಯಾಸಿಸನ್ ಕೌನ್ಸಿಲ್ಲಿನ ಕಾರ್ಯಸೂಚಿಯಲ್ಲಿ, ಧರ್ಮಾಧ್ಯಕ್ಷರ ಪ್ರಾದೇಶಿಕ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಕೊಡಿ.

ಕರಡು ಬರೆಯಲು ಕೂರುವಾಗ ಕನ್ನಡ ತಿದ್ದಲು, ಟೈಪ್ ಮಾಡಲು ಜನ ಬೇಕಾದರೆ ನಾನಿದ್ದೇನೆ. ಶನಿವಾರ ಮಧ್ಯಾಹ್ನದ ಮೇಲಾದರೆ ಅನುಕೂಲ. ಫಿಟ್ಟರ್ ಅಂಕಲ್ ಕೂಡ ಬರುತ್ತೇನೆ ಅಂದಿದ್ದಾರೆ. ಸಹಿ ಹಾಕುತ್ತಾರೋ ಇಲ್ಲವೋ, ಅದನ್ನು ಅವರು ಕರಡು ಓದಿ ತೀರ್ಮಾನಿಸುತ್ತಾರಂತೆ.

ಇಂತಿ ಕರ್ತನಲ್ಲಿ ನಿಮ್ಮ,
ಕನ್ನಡ ಸಭೆಯ ಒಬ್ಬ ಸದಸ್ಯ
ಬೆಂಗಳೂರು